ಬಿಟ್ಟ ಸ್ಥಳ ತುಂಬುವ ವಿಜ್ಞಾನ

ಪ್ರವೇಶದ ದಿನಗಳು ಬಂದುವೆಂದರೆ ಭೌತಶಾಸ್ತ್ರವನ್ನು ಬೋಧಿಸುವ ನಮ್ಮಂಥವರೂ ಕೆಲವು ದಿನ ಗುಮಾಸ್ತರಾಗಬೇಕಾಗುತ್ತದೆ. ಅಂಕಪಟ್ಟಿ, ಜಾತಿ ಪತ್ರ, ವರಮಾನ ಪತ್ರ ಇವುಗಳನ್ನೆಲ್ಲ ಒಂದೊಂದಾಗಿ ನೋಡಿ ಗುರುತು ಹಾಕುವುದು ನಮ್ಮ ಪಾಲಿನ ಕೆಲಸ. ಹಾಗೆ ನೋಡುತ್ತಿದ್ದಾಗ ಕೂಡ್ಲಿಗಿ ಸೀಮೆಯ ಹಳ್ಳಿಯೊಂದರ ಹುಡುಗನ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಬರಿಯ ಗೆರೆಯೊಂದು ಕಾಣಿಸಿತು. 'ಬಿಟ್ಟ ಸ್ಥಳಗಳನ್ನು ತುಂಬಿರಿ' ಎಂದು ವರ್ಷವಿಡೀ ಪ್ರಶ್ನೆಪತ್ರಿಕೆ ಬರೆಯುವ ಅಭ್ಯಾಸ ನಮ್ಮದು. "ಇದನ್ನೇಕೆ ಬಿಟ್ಟೆಯಪ್ಪಾ? ತುಂಬು" ಎಂದೆವು. ಅವನ ಬೆನ್ನ ಹಿಂದೆ ಏಳೆಂಟು ಮಂದಿ ಸಾಲಾಗಿ ನಿಂತಿದ್ದರು.

"ನಮ್ಮವ್ವನ ಹೆಸರು ಬರ್ದೀನ್ರಿ ಸಾರ್. ಅಪ್ಪನ ಹೆಸರು ಊರಿಗೆಲ್ಲ ಗೊತ್ತೈತ್ರಿ, ಕಾಗದದಾಗ ಇಲ್ಲ ಅಷ್ಟೆ."

ಈ ಸೀಮೆಯಲ್ಲಿ ಹತ್ತು ವರ್ಷ ಪಾಠ ಹೇಳಿಯೂ ಆ ಗೆರೆಯ ಅರ್ಥವನ್ನು ಗ್ರಹಿಸದೆ, ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ ಆ ಪ್ರಶ್ನೆಯನ್ನು ಕೇಳಿದ ತಪ್ಪು ನಮ್ಮದೇ. ಅವನು ಬಸವಿಯಾಗಿ ಬಿಟ್ಟ ತಾಯಿಯ ಮಗ.

ಅಂದು ಸಂಜೆ ನಮ್ಮ ಮೇಜಿನ ಮೇಲೆ ಅರ್ಧ ಓದಿ ಮಡಿಸಿಟ್ಟಿದ್ದ ಪುಸ್ತಕ ಆನೆಟ್ ಗಾರ್ಡನ್-ರೀಡ್ ಎಂಬ ಅಮೆರಿಕದ ಇತಿಹಾಸಕಾರ್ತಿಯದು. 2008ರಲ್ಲಿ ಪ್ರಕಟವಾದ 'ದಿ ಹೆಮಿಂಗ್ಸಸ್ ಆಫ್ ಮಾಂಟಿಚೆಲೊ' ಎಂಬ ಆ ಗ್ರಂಥಕ್ಕೆ ಮರುವರ್ಷ ಪುಲಿಟ್ಜರ್ ಪಾರಿತೋಷಕವು ದೊರೆಯಿತು. ಇತಿಹಾಸದ ವಿಭಾಗದಲ್ಲಿ ಆ ಪಾರಿತೋಷಕವನ್ನು ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಲೇಖಕಿ ಅವರು. ಒಂದು ಗುಲಾಮ ಕುಟುಂಬದ ಚರಿತ್ರೆಯೂ, ಆ ಕುಟುಂಬವನ್ನು ಆಸ್ತಿಯಾಗಿ ಹೊಂದಿದ್ದ ಮನೆತನದ ಚರಿತ್ರೆಯೂ ಅದರಲ್ಲಿ ಒಂದೇ ಹಗ್ಗದ ಎರಡು ಎಳೆಗಳಂತೆ ಹೆಣೆದುಕೊಂಡಿವೆ. ಅದರಲ್ಲಿಯೂ ಒಂದು ಬಿಟ್ಟ ಸ್ಥಳವಿದೆ. ಅದನ್ನು ತುಂಬುವ ಕೆಲಸದಲ್ಲಿ ಪ್ರಯೋಗಶಾಲೆಯೂ ಕೈಗೂಡಿಸಿತಾದ್ದರಿಂದ ಈ ವಿಷಯವು ವಿಜ್ಞಾನದ ಪತ್ರಿಕೆಯಲ್ಲಿ ಸಲ್ಲುವುದೆಂದು ನಮ್ಮ ನಂಬಿಕೆ.

ಥಾಮಸ್ ಜೆಫರ್‌ಸನ್ನನ (1743–1826) ಹೆಸರನ್ನು ಕೇಳದ ವಾಚಕರು ವಿರಳ. ಎಲ್ಲ ಮಾನವರೂ ಸಮಾನರಾಗಿ ಸೃಷ್ಟಿಯಾದವರೆಂದು ಸಾರುವ 1776ರ ಸ್ವಾತಂತ್ರ್ಯ ಘೋಷಣೆಯ ಕರ್ತೃ ಅವನು. ಅಮೆರಿಕದ ಮೂರನೆಯ ಅಧ್ಯಕ್ಷ. ಅದೇ ಜೆಫರ್‌ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಗುಲಾಮರ ಒಡೆಯನಾಗಿದ್ದನು. ವರ್ಜೀನಿಯದ ಮಾಂಟಿಚೆಲೊ ಎಂಬ ಗುಡ್ಡದ ಮೇಲೆ ಅವನ ಮನೆ. 1773ರಲ್ಲಿ ಮಾವ ಜಾನ್ ವೇಲ್ಸ್ ತೀರಿಕೊಂಡಾಗ ಹೆಂಡತಿಯ ಕಡೆಯಿಂದ ಬಂದ ಆಸ್ತಿಯಲ್ಲಿ ಭೂಮಿಯಿತ್ತು, ಸಾಲವಿತ್ತು, ಎಲಿಜಬೆತ್ ಹೆಮಿಂಗ್ಸ್ ಎಂಬ ಗುಲಾಮಳೂ ಅವಳ ಮಕ್ಕಳೂ ಇದ್ದರು. ಆ ಮಕ್ಕಳಲ್ಲಿ ಕೆಲವರ ತಂದೆ ಜಾನ್ ವೇಲ್ಸನೇ ಎಂಬುದು ಮನೆಯವರಿಗೆಲ್ಲ ತಿಳಿದ ಸಂಗತಿ. ಅವರಲ್ಲಿ ಕಿರಿಯವಳು ಸ್ಯಾಲಿ. ಎಂದರೆ ಜೆಫರ್‌ಸನ್ನನ ಹೆಂಡತಿಗೆ ಸ್ಯಾಲಿ ತಂಗಿಯಾಗಬೇಕು. ತಂಗಿಯಾಗಿಯೂ ಆಸ್ತಿಯ ಪಟ್ಟಿಯಲ್ಲಿ ಒಂದು ಬಾಬು.

ಇದು ಹೇಗೆ ಸಾಧ್ಯವಾಯಿತೆಂಬುದಕ್ಕೆ 1662ರ ವರ್ಜೀನಿಯದ ಕಾಯಿದೆಯೊಂದನ್ನು ತಿಳಿಯಬೇಕು. ಮಗು ತಾಯಿಯ ಸ್ಥಿತಿಯನ್ನೇ ಪಡೆಯತಕ್ಕದ್ದು ಎಂಬುದು ಅದರ ಸಾರ. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿಗೆ ತಂದೆಯ ಕುಲ, ತಂದೆಯ ಹೆಸರು. ಗುಲಾಮಳ ಮಗುವಿಗೆ ಮಾತ್ರ ಅದನ್ನು ತಲೆಕೆಳಗು ಮಾಡಲಾಯಿತು. ಒಡೆಯನು ಗುಲಾಮಳಲ್ಲಿ ಮಗುವನ್ನು ಪಡೆದರೆ ಅವನಿಗೆ ತಂದೆಯ ಹೊಣೆಯಿಲ್ಲ. ಬದಲಾಗಿ ಗುಲಾಮರ ಸಂಖ್ಯೆ ಒಂದು ಹೆಚ್ಚುತ್ತದೆ. ಕಾನೂನಿನ ಒಂದೇ ವಾಕ್ಯದಿಂದ ಪಿತೃತ್ವವು ಲಾಭವಾಗಿ ಪರಿಣಮಿಸಿತು.

ಸ್ಯಾಲಿಗೆ ಆರು ಮಕ್ಕಳು. ದೊಡ್ಡವರಾಗಿ ಬೆಳೆದವರು ಬೆವರ್ಲಿ, ಹ್ಯಾರಿಯೆಟ್, ಮ್ಯಾಡಿಸನ್, ಈಸ್ಟನ್ ಎಂಬ ನಾಲ್ವರು. ಜೆಫರ್‌ಸನ್ ಲೆಕ್ಕಪತ್ರಗಳಲ್ಲಿ ಬಹು ಕಟ್ಟುನಿಟ್ಟಿನ ಮನುಷ್ಯ. ದಿನದ ಉಷ್ಣಾಂಶವನ್ನೂ ಪೇಟೆಯಲ್ಲಿ ಕೊಂಡ ತರಕಾರಿಯನ್ನೂ ಬರೆದಿಡುತ್ತಿದ್ದವನು. ಅವನ ತೋಟದ ಲೆಕ್ಕದ ಪುಸ್ತಕದಲ್ಲಿ ಸ್ಯಾಲಿಯ ಹೆಸರಿನ ಕೆಳಗೆ ಈ ಮಕ್ಕಳ ಹೆಸರುಗಳಿವೆ. ತಂದೆಯ ಹೆಸರಿಲ್ಲ.

1802ರಲ್ಲಿಯೇ ಕ್ಯಾಲೆಂಡರ್ ಎಂಬ ಪತ್ರಿಕಾಕರ್ತನು ಈ ಮಕ್ಕಳ ತಂದೆ ಅಧ್ಯಕ್ಷನೇ ಎಂದು ಅಚ್ಚು ಹಾಕಿದನು. 1873ರಲ್ಲಿ ಮುದುಕನಾದ ಮ್ಯಾಡಿಸನ್ ಹೆಮಿಂಗ್ಸನು ಓಹಿಯೊದ ಪತ್ರಿಕೆಯೊಂದಕ್ಕೆ ತನ್ನ ಕಥೆಯನ್ನು ಹೇಳಿ, ತಾನು ಜೆಫರ್‌ಸನ್ನನ ಮಗನೆಂದು ಸ್ಪಷ್ಟವಾಗಿ ನುಡಿದನು. ತಾಯಿಯು ಪ್ಯಾರಿಸ್ಸಿನಲ್ಲಿದ್ದಾಗ ಅಲ್ಲಿಯೇ ನಿಂತು ಬಿಡುಗಡೆ ಪಡೆಯಬಹುದಾಗಿತ್ತೆಂದೂ, ಹುಟ್ಟುವ ಮಕ್ಕಳಿಗೆ 21 ವರ್ಷ ತುಂಬಿದಾಗ ಸ್ವಾತಂತ್ರ್ಯ ಕೊಡುವೆನೆಂಬ ವಚನದ ಮೇಲೆ ಹಿಂದಿರುಗಿದಳೆಂದೂ ಅವನ ಹೇಳಿಕೆ. ಆದರೆ ನೂರು ವರ್ಷಗಳಿಗೂ ಹೆಚ್ಚು ಕಾಲ ಬಹುಮಂದಿ ಇತಿಹಾಸಕಾರರು ಇದನ್ನು ನಂಬಲಿಲ್ಲ. ಅವರು ನಂಬಿದ್ದು ಜೆಫರ್‌ಸನ್ನನ ಮೊಮ್ಮಕ್ಕಳ ಮಾತನ್ನು. ತಂದೆ ಜೆಫರ್‌ಸನ್ನನ ಸೋದರಳಿಯ ಪೀಟರ್ ಕಾರ್ ಎಂದು ಮೊಮ್ಮಗನೂ, ಅಲ್ಲ, ಸ್ಯಾಮ್ಯುಯಲ್ ಕಾರ್ ಎಂದು ಮೊಮ್ಮಗಳೂ ಹೇಳಿದ್ದರು. ಎರಡೂ ನಿಜವಾಗಿರಲು ಸಾಧ್ಯವಿಲ್ಲ ಎಂಬುದು ವಿದ್ವಾಂಸರಿಗೆ ತೊಡಕಾಗಿ ಕಾಣಲಿಲ್ಲ!

ಗಾರ್ಡನ್-ರೀಡ್ ಅವರು ಮೊದಲು ಕಾನೂನಿನ ಅಧ್ಯಾಪಕಿ. 1997ರ ತಮ್ಮ ಮೊದಲ ಗ್ರಂಥದಲ್ಲಿ ಅವರು ಜೆಫರ್‌ಸನ್ ತಂದೆ ಹೌದೋ ಅಲ್ಲವೋ ಎಂಬುದಕ್ಕಿಂತ ಹೆಚ್ಚಾಗಿ, ಸಾಕ್ಷ್ಯವನ್ನು ತೂಗಿದ ತಕ್ಕಡಿಯೇ ಸರಿಯಿತ್ತೆ ಎಂದು ಪರೀಕ್ಷಿಸಿದರು. ಗುಲಾಮನ ಮಾತಿಗೆ ಒಂದು ತೂಕದ ಕಲ್ಲು, ಒಡೆಯನ ಮೊಮ್ಮಕ್ಕಳ ಮಾತಿಗೆ ಇನ್ನೊಂದು ತೂಕದ ಕಲ್ಲು ಬಳಕೆಯಾಗಿದ್ದುದನ್ನು ಪುಟಪುಟವಾಗಿ ತೋರಿಸಿದರು. ಪ್ರಯೋಗಶಾಲೆಯ ಫಲಿತಾಂಶ ಬಂದದ್ದು ಅದರ ಮರುವರ್ಷ. ಈ ಅನುಕ್ರಮವನ್ನು ವಾಚಕರು ಗಮನದಲ್ಲಿಡಬೇಕು. ಇತಿಹಾಸದ ಒಗಟನ್ನು ವಿಜ್ಞಾನವೇ ಬಿಡಿಸಿತೆಂದು ನಮ್ಮ ವೃತ್ತಿಯವರು ಹೆಮ್ಮೆ ಪಡುವುದುಂಟು; ಇಲ್ಲಿ ಆ ಹೆಮ್ಮೆ ಅರ್ಧ ಮಾತ್ರ ಸಲ್ಲುತ್ತದೆ.

ಈಗ ಪ್ರಯೋಗದ ವಿಚಾರ. ನಮ್ಮ ದೇಹದ ಜೀವಕೋಶಗಳಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಮುಂದಿನ ಪೀಳಿಗೆಗೆ ಸಾಗುವಾಗ ಇವು ಇಸ್ಪೀಟು ಕಲೆಸಿದಂತೆ ಬೆರೆಯುವುದರಿಂದ ಐದಾರು ತಲೆಗಳಾದ ಮೇಲೆ ಯಾರ ಎಲೆ ಯಾರದೆಂದು ಹೇಳುವುದು ಕಷ್ಟ. ಆದರೆ ಗಂಡಸರಲ್ಲಿ ಮಾತ್ರವಿರುವ 'ವೈ' ಎಂಬ ವರ್ಣತಂತುವಿನ ಬಹುಭಾಗ ಬೆರೆಯುವುದಿಲ್ಲ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅದು ಮನೆತನದ ಉಂಗುರದಂತೆ ಹಾಗೆಯೇ ಇಳಿದುಬರುತ್ತದೆ. ಅದರ ಕೆಲವು ನೆಲೆಗಳಲ್ಲಿ ಚಿಕ್ಕದೊಂದು ಅಕ್ಷರಗುಚ್ಛವು ಭಜನೆಯ ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆ. ಒಬ್ಬನಲ್ಲಿ 11 ಸಲ, ಇನ್ನೊಬ್ಬನಲ್ಲಿ 14 ಸಲ. ಹಲವು ನೆಲೆಗಳಲ್ಲಿ ಈ ಎಣಿಕೆಯನ್ನು ಬರೆದುಕೊಂಡರೆ ಆ ಗಂಡು ಸಂತತಿಯ ಗುರುತು ದೊರೆತಂತಾಯಿತು.

ಜೆಫರ್‌ಸನ್ನನಿಗೆ ವಿವಾಹದಿಂದ ಬೆಳೆದುಳಿದ ಗಂಡುಮಕ್ಕಳಿರಲಿಲ್ಲ. ಆದುದರಿಂದ ಯೂಜೀನ್ ಫಾಸ್ಟರ್ ಎಂಬ ನಿವೃತ್ತ ವೈದ್ಯರು ಅವನ ಚಿಕ್ಕಪ್ಪ-ದೊಡ್ಡಪ್ಪಂದಿರಲ್ಲೊಬ್ಬನಾದ ಫೀಲ್ಡ್ ಜೆಫರ್‌ಸನ್ನನ ಗಂಡು ಸಂತತಿಯವರನ್ನು ಹುಡುಕಿ ಐವರ ರಕ್ತವನ್ನು ಸಂಗ್ರಹಿಸಿದರು. ಈಸ್ಟನ್ ಹೆಮಿಂಗ್ಸನ ವಂಶದವನೊಬ್ಬನ ರಕ್ತ, ಕಾರ್ ಮನೆತನದ ಮೂವರ ರಕ್ತ, ತಮ್ಮ ಮೂಲಪುರುಷನೂ ಜೆಫರ್‌ಸನ್ನನ ಮಗನೇ ಎಂದು ನಂಬಿದ್ದ ವುಡ್‌ಸನ್ ಮನೆತನದ ಐವರ ರಕ್ತ, ಇಷ್ಟನ್ನೂ ಕೂಡಿಸಿ ಯೂರೋಪಿನ ಪ್ರಯೋಗಶಾಲೆಗಳಲ್ಲಿ 19 ಗುರುತುಗಳನ್ನು ಪರೀಕ್ಷಿಸಲಾಯಿತು. 1998ರ ನವೆಂಬರ್ ತಿಂಗಳ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಹೊರಬಿತ್ತು. ಈಸ್ಟನ್ನನ ಸಂತತಿಯ ಗುರುತು ಜೆಫರ್‌ಸನ್ ಮನೆತನದ ಗುರುತಿಗೆ ಪೂರ್ತಿಯಾಗಿ ಹೊಂದಿತು. ಕಾರ್ ಮನೆತನದ್ದು ಹೊಂದಲಿಲ್ಲ. ವುಡ್‌ಸನ್ ಮನೆತನದ್ದೂ ಹೊಂದಲಿಲ್ಲ. ಎರಡು ಕುಟುಂಬಗಳು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಕಥೆಗಳಲ್ಲಿ ಒಂದು ನಿಂತಿತು, ಇನ್ನೊಂದಕ್ಕೆ ಆಧಾರ ಸಿಗಲಿಲ್ಲ.

ಇಷ್ಟು ತಲೆಗಳಲ್ಲಿ ಗುರುತು ಬದಲಾಗದೆ ಉಳಿಯುವುದೇ ಎಂಬ ಸಂದೇಹವು ಸಹಜ. ಒಂದು ಸ್ಥೂಲ ಲೆಕ್ಕ ಹಾಕೋಣ. ಪುನರಾವೃತ್ತಿಯ ಒಂದು ನೆಲೆಯಲ್ಲಿ ಎಣಿಕೆ ತಪ್ಪುವುದು ಸುಮಾರು ಐನೂರು ಪೀಳಿಗೆಗೊಮ್ಮೆ. ಅಂಥ 11 ನೆಲೆಗಳಿದ್ದುವು. ಎಂದರೆ ಒಂದು ಪೀಳಿಗೆಯಲ್ಲಿ ಎಲ್ಲಿಯಾದರೂ ತಪ್ಪುವ ಸಂಭವ ಸುಮಾರು 45ಕ್ಕೆ 1. ಎರಡು ಶಾಖೆಗಳೂ ಕೂಡಿ ಹದಿನಾಲ್ಕು ಸಲ ಕೈ ಬದಲಾಯಿತೆಂದಿಟ್ಟುಕೊಂಡರೂ, ಏನೂ ತಪ್ಪದೆ ಉಳಿಯುವ ಸಂಭವ ನೂರಕ್ಕೆ ಎಪ್ಪತ್ತಕ್ಕಿಂತ ಕೆಳಗಿಳಿಯುವುದಿಲ್ಲ. ಹೋಲಿಕೆಗಾಗಿ ನೋಡಿದ ನೂರಾರು ಯೂರೋಪಿಯನ್ ಗಂಡಸರಲ್ಲಿ ಈ ಗುರುತು ಒಬ್ಬನಲ್ಲಿಯೂ ಕಾಣಲಿಲ್ಲ. ಆದುದರಿಂದ ಇದು ಆಕಸ್ಮಿಕವೆನ್ನುವಂತಿಲ್ಲ.

ಆದರೆ ಸಿದ್ಧವಾದದ್ದು ಏನು? ಈಸ್ಟನ್ನನ ತಂದೆ ಒಬ್ಬ ಜೆಫರ್‌ಸನ್ ಎಂಬುದು ಮಾತ್ರ. ಥಾಮಸ್ಸನ ತಮ್ಮ ರಾಂಡಾಲ್ಫನೂ ಅವನ ಗಂಡುಮಕ್ಕಳೂ ಅದೇ ಉಂಗುರವನ್ನು ತೊಟ್ಟವರು. 'ನೇಚರ್' ಕೊಟ್ಟ ಶೀರ್ಷಿಕೆ ಪ್ರಯೋಗವು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿತ್ತೆಂಬ ಆಕ್ಷೇಪಣೆ ಬಂದದ್ದು ನ್ಯಾಯವೇ. ಇಲ್ಲಿ ಮತ್ತೆ ಕಡತಗಳೇ ಬೇಕಾದುವು. ಜೆಫರ್‌ಸನ್ ರಾಜಕಾರ್ಯಕ್ಕಾಗಿ ತಿಂಗಳುಗಟ್ಟಲೆ ಊರು ಬಿಟ್ಟಿರುತ್ತಿದ್ದವನು. ಸ್ಯಾಲಿಯ ಪ್ರತಿಯೊಂದು ಮಗುವಿನ ಜನನಕ್ಕೂ ಒಂಬತ್ತು ತಿಂಗಳ ಹಿಂದೆ ಅವನು ಮಾಂಟಿಚೆಲೊದಲ್ಲಿಯೇ ಇದ್ದನೆಂಬುದನ್ನು ವಿನ್‌ತ್ರಾಪ್ ಜೋರ್ಡನ್ ಎಂಬ ಇತಿಹಾಸಕಾರನು 1968ರಲ್ಲಿಯೇ ಗುರುತಿಸಿದ್ದನು. ಅವನು ಅರ್ಧ ಕಾಲ ಮನೆಯಲ್ಲಿದ್ದನೆಂದು ಹಿಡಿದರೆ ಆರು ಸಲವೂ ಹಾಗೆ ಕೂಡಿಬರುವುದು ಆರು ನಾಣ್ಯಗಳೂ ತಲೆ ಮೇಲಾಗಿ ಬೀಳುವಂತೆ: 64ಕ್ಕೆ 1. ಆದರೆ ಅವನ ವಾಸ್ತವ್ಯವು ನಾಣ್ಯ ಚಿಮ್ಮಿದಂತೆ ದಿನದಿನಕ್ಕೂ ಬದಲಾಗುವುದಲ್ಲವಾದ್ದರಿಂದ ಈ ಗುಣಾಕಾರ ಸಾಲದು. ಫ್ರೇಜರ್ ನೀಮನ್ ಎಂಬ ಪುರಾತತ್ತ್ವಜ್ಞರು 2000ದಲ್ಲಿ ಇದಕ್ಕೆ 'ಮಾಂಟೆ ಕಾರ್ಲೊ' ವಿಧಾನವನ್ನು ಹಚ್ಚಿದರು. ಇದು ನಮ್ಮ ಶಾಸ್ತ್ರದ ಉಪಕರಣ. ಬಾಂಬಿನೊಳಗೆ ನ್ಯೂಟ್ರಾನುಗಳು ಹೇಗೆ ಅಲೆಯುವುವೆಂದು ಅಂದಾಜು ಮಾಡಲು ಉಲಮ್ ಮತ್ತು ಫಾನ್ ನಾಯ್ಮನ್ 1940ರ ದಶಕದಲ್ಲಿ ಕಟ್ಟಿದ್ದು! ಯಂತ್ರದೊಳಗೆ ಸಾವಿರಾರು ಕಲ್ಪಿತ ಜನನಪಟ್ಟಿಗಳನ್ನು ಮಾಡಿ ಜೆಫರ್‌ಸನ್ನನ ದಿನಚರಿಯೊಡನೆ ಹೋಲಿಸಿದಾಗ, ಇದು ಕೇವಲ ಕಾಕತಾಳೀಯವಾಗಿರುವ ಸಂಭವ ಸುಮಾರು ನೂರಕ್ಕೆ ಒಂದೆಂದು ಬಂತು. ಮಾಂಟಿಚೆಲೊವನ್ನು ನೋಡಿಕೊಳ್ಳುವ ಸಂಸ್ಥೆಯು ಅದೇ ವರ್ಷ ಜೆಫರ್‌ಸನ್ನನ ಪಿತೃತ್ವವು ಬಹುಮಟ್ಟಿಗೆ ನಿಜವೆಂದು ಒಪ್ಪಿತು.

ಇನ್ನು ನಮ್ಮ ಸೀಮೆಗೆ ಬರೋಣ.

ನಮ್ಮ ನಾಡಿನಲ್ಲಿ ಗುಲಾಮರಿರಲಿಲ್ಲವೆಂದು ಹೇಳುವವರು ಮಲೆನಾಡಿನ 'ಹುಟ್ಟಾಳು', 'ಮಣ್ಣಾಳು' ಎಂಬ ಮಾತುಗಳನ್ನು ಮರೆತವರು. ಒಂದು, ಮನೆಯಲ್ಲಿಯೇ ಹುಟ್ಟಿ ಮನೆಗೆ ಸೇರಿದ ಆಳು. ಇನ್ನೊಂದು, ಮಣ್ಣಿನ ಜೊತೆ ಸೇರಿದ ಆಳು. 1843ರ ಕಾಯಿದೆ ಗುಲಾಮರ ಮೇಲಿನ ಒಡೆತನಕ್ಕೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿತು. ಜೀತವನ್ನು ರದ್ದುಗೊಳಿಸಲು 1976ರವರೆಗೆ ಕಾಯಬೇಕಾಯಿತು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಜೆಫರ್‌ಸನ್ನನ ಮನೆಯ ಕಥೆಗೆ ಹತ್ತಿರವಾದದ್ದು ಇದಾವುದೂ ಅಲ್ಲ, ಬಸವಿ ಬಿಡುವ ಪದ್ಧತಿ.

ಫ್ರೆಡ್ ಫಾಸೆಟ್ ಎಂಬ ಮದರಾಸು ಪೊಲೀಸ್ ಇಲಾಖೆಯ ಅಧಿಕಾರಿಯು 1890ರ ಸುಮಾರಿನಲ್ಲಿ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗದ ಬಸವಿಯರ ಮೇಲೆ ಒಂದು ದೀರ್ಘ ಲೇಖನವನ್ನು ಬರೆದನು. ಜಿಲ್ಲೆಯ ಪಶ್ಚಿಮ ಭಾಗವೆಂದರೆ ಈ ತಾಲ್ಲೂಕುಗಳೇ. ಅವನ ಗಮನ ಸೆಳೆದದ್ದು, ದೇವರಿಗೆ ಬಿಟ್ಟ ಹೆಣ್ಣು ಗಂಡುಮಗನ ಹಕ್ಕನ್ನು ಪಡೆಯುತ್ತಾಳೆಂಬ ಅಂಶ. ಗಂಡುಸಂತಾನವಿಲ್ಲದ ಮನೆಯಲ್ಲಿ ಮಗಳನ್ನು ಬಸವಿಯಾಗಿ ಬಿಟ್ಟರೆ ಅವಳು ತಂದೆಯ ಆಸ್ತಿಗೆ ವಾರಸುದಾರಳು. ಅವಳ ಮಕ್ಕಳು ತಾಯಿಯ ತಂದೆಯ ಮನೆಗೆ ಸೇರಿದವರು. ಬರೆಹದಲ್ಲಿ ಓದಿದರೆ ಹೆಣ್ಣಿಗೆ ಗೌರವ ಕೊಟ್ಟ ಪದ್ಧತಿಯಂತೆ ತೋರುತ್ತದೆ. ಆದರೆ ಬಿಡಲ್ಪಟ್ಟವರಲ್ಲಿ ಬಹುಮಂದಿ ತುಂಡು ಹೊಲವೂ ಇಲ್ಲದ ದಲಿತ ಕುಟುಂಬಗಳ ಹೆಣ್ಣುಮಕ್ಕಳು. ಏನೂ ಇಲ್ಲದ ಮನೆಗೆ ವಾರಸುದಾರಳಾಗಿ ಪಡೆಯುವುದೇನು? ಮುತ್ತು ಕಟ್ಟುವಾಗ ಆ ಹುಡುಗಿಯನ್ನು ಒಪ್ಪಿಗೆ ಕೇಳಿದವರಿಲ್ಲ. ಬಂದುಹೋಗುವ ಗಂಡಸು ಹೊಲಮನೆ ಉಳ್ಳವನು. ಅವನ ಹೊಲ ಅವನ ಮದುವೆಯ ಹೆಂಡತಿಯ ಮಕ್ಕಳಿಗೆ.

ಇದು ಗುಲಾಮಗಿರಿಯೇ? ಇಲ್ಲಿ ಕ್ರಯಪತ್ರವಿಲ್ಲ, ಸಂತೆಯಲ್ಲಿ ಹರಾಜಿಲ್ಲ. ಮಾಂಟಿಚೆಲೊದಲ್ಲಿ 1827ರ ಜನವರಿಯಲ್ಲಿ ಸಾಲ ತೀರಿಸಲು 130 ಮಂದಿಯನ್ನು ಹರಾಜಿಗಿಟ್ಟಂಥದು ಇಲ್ಲಿ ನಡೆಯಲಿಲ್ಲ. ಎರಡನ್ನೂ ಒಂದೇ ಎನ್ನುವುದು ತಪ್ಪಾದೀತು. ಆದರೆ 1662ರ ವರ್ಜೀನಿಯದ ವಾಕ್ಯವನ್ನು ನಮ್ಮ ಪದ್ಧತಿಯ ಪಕ್ಕದಲ್ಲಿಟ್ಟು ನೋಡಿರಿ. ಎರಡೂ ಮಗುವನ್ನು ತಾಯಿಗೆ ಬಿಟ್ಟು, ತಂದೆಯ ಹೆಸರಿನ ಸ್ಥಳವನ್ನು ಖಾಲಿಯಾಗಿಸಿ, ಉಳ್ಳವನ ಆಸ್ತಿಯನ್ನು ಆ ಮಗುವಿನಿಂದ ಕಾಪಾಡಿದುವು.

ಬಳ್ಳಾರಿಯು ಮದರಾಸು ಪ್ರಾಂತದಲ್ಲಿದ್ದಾಗಲೇ 1947ರಲ್ಲಿ ಅಲ್ಲಿನ ಶಾಸನವು ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿತು. 1982ರಲ್ಲಿ ಕರ್ನಾಟಕದ್ದೇ ಕಾಯಿದೆಯಾಯಿತು. ಆದರೂ 1993–94 ಮತ್ತು 2007–08ರ ಎರಡು ಸಮೀಕ್ಷೆಗಳು ಕೂಡಿ ರಾಜ್ಯದಲ್ಲಿ 46,660 ಮಂದಿ ದೇವದಾಸಿಯರನ್ನು ಎಣಿಸಿದುವು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಮುತ್ತು ಕಟ್ಟದಂತೆ ಕಾವಲು ಹಾಕುವುದು ಅಧಿಕಾರಿಗಳ ವಾಡಿಕೆಯ ಕೆಲಸವಾಗಿದೆ. ಈ ಹಳೆಯ ಕಾಯಿದೆಗಳೆಲ್ಲ ಬಿಡುವುದನ್ನು ತಡೆಯಲು ನೋಡಿದುವೇ ಹೊರತು ಹುಟ್ಟಿದ ಮಕ್ಕಳ ಮಾತನ್ನು ಅಷ್ಟಾಗಿ ಎತ್ತಲಿಲ್ಲ. 2025ರಲ್ಲಿ ಕರ್ನಾಟಕ ವಿಧಾನಮಂಡಲವು ಅಂಗೀಕರಿಸಿದ ಹೊಸ ಮಸೂದೆಯು ದೇವದಾಸಿಯ ಮಗುವಿಗೆ ತನ್ನ ತಂದೆ ಇಂಥವನೆಂದು ಗುರುತಿಸಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿದೆ. ಆತನು ಒಪ್ಪದಿದ್ದಲ್ಲಿ ಡಿ.ಎನ್.ಎ. ಪರೀಕ್ಷೆಯ ದಾರಿಯೂ ಅದರಲ್ಲಿದೆ.

ಈ ಪರೀಕ್ಷೆ ನಮ್ಮ ದೇಶಕ್ಕೆ ಹೊಸದಲ್ಲ. ಇಂಗ್ಲೆಂಡಿನ ಲೆಸ್ಟರಿನಲ್ಲಿ ಅಲೆಕ್ ಜೆಫ್ರಿಸ್ 1984ರಲ್ಲಿ ಈ 'ಬೆರಳಚ್ಚ'ನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಹೈದರಾಬಾದಿನ ಲಾಲ್‌ಜಿ ಸಿಂಗ್ ಅವರು ತಮ್ಮದೇ ವಿಧಾನವನ್ನು ರೂಪಿಸಿದರು. ಅದರ ಮೂಲ, ಪಟ್ಟೆಗಳುಳ್ಳ ಒಂದು ಜಾತಿಯ ವಿಷಸರ್ಪದಲ್ಲಿ ಅವರು ಅಭ್ಯಸಿಸಿದ್ದ ಡಿ.ಎನ್.ಎ. ತುಣುಕು! ಕೇರಳದ ತಲಶ್ಶೇರಿಯ ಪಿತೃತ್ವದ ವ್ಯಾಜ್ಯವೊಂದರಲ್ಲಿ ಅದು ಸಾಕ್ಷ್ಯವಾಯಿತು.

ಜೀವಂತನಾಗಿರುವ ತಂದೆಯನ್ನು ಗುರುತಿಸಲು 'ವೈ' ವರ್ಣತಂತುವಿನ ಹಂಗು ಬೇಕಿಲ್ಲ. ಬೇಕೆಂದರೆ ಹೆಣ್ಣುಮಕ್ಕಳ ಗತಿಯೇನು? ಅವರಲ್ಲಿ ಅದಿಲ್ಲವೇ ಇಲ್ಲ. ಸ್ಯಾಲಿಯ ಮಗಳು ಹ್ಯಾರಿಯೆಟ್ಟಳ ಸಂತತಿ ಇಂದು ಸಿಕ್ಕರೂ ಫಾಸ್ಟರ್ ಅವರ ವಿಧಾನ ನಡೆಯುತ್ತಿರಲಿಲ್ಲ. ಈಗ ಉಳಿದ ವರ್ಣತಂತುಗಳ ಹದಿನೈದಿಪ್ಪತ್ತು ನೆಲೆಗಳಲ್ಲಿ ಎಣಿಕೆಗಳನ್ನು ನೋಡುತ್ತಾರೆ. ಪ್ರತಿ ನೆಲೆಯಲ್ಲಿಯೂ ಮಗುವಿಗೆ ಎರಡು ಎಣಿಕೆಗಳು. ತಾಯಿಯಿಂದ ಬಂದುದನ್ನು ಕಳೆದರೆ ಉಳಿದದ್ದು ತಂದೆಯಲ್ಲಿರಲೇಬೇಕು. ಮೂರು ನಾಲ್ಕು ನೆಲೆಗಳಲ್ಲಿ ಇರದಿದ್ದರೆ ಆತನು ತಂದೆಯಲ್ಲ. ಎಲ್ಲ ನೆಲೆಗಳಲ್ಲಿಯೂ ಇದ್ದರೆ, ಹತ್ತು ಜನರಲ್ಲೊಬ್ಬನಿಗೆ ಹೊಂದಬಹುದಾದ ಎಣಿಕೆ ಹದಿನೈದು ಕಡೆ ಹೊಂದಿದಂತಾಗಿ, ಸಂದೇಹಕ್ಕೆ ಎಡೆಯಿರುವುದಿಲ್ಲ. ಇದಕ್ಕೆ ಬೇಕಾದದ್ದು ಕೆನ್ನೆಯ ಒಳಭಾಗಕ್ಕೆ ಸವರಿದ ಹತ್ತಿ.

ತರಗತಿಯಲ್ಲಿ ಸಂಭವನೀಯತೆಯ ಪಾಠಕ್ಕೆ ಈ ಉದಾಹರಣೆಯನ್ನೇ ತೆಗೆದುಕೊಂಡೆವು. ಯಾರನ್ನೂ ಹೆಸರಿಸಲಿಲ್ಲ, ಬಸವಿಯ ಮಾತನ್ನೂ ಎತ್ತಲಿಲ್ಲ. ಜೆಫರ್‌ಸನ್ನನ ಕಥೆಯಷ್ಟನ್ನೇ ಹೇಳಿದೆವು. ಪಾಠ ಮುಗಿದ ಮೇಲೆ ಆ ಹುಡುಗನು ಮೇಜಿನ ಬಳಿ ನಿಂತನು.

"ಮನುಷ್ಯ ಸತ್ತುಹೋಗಿದ್ರೆ ಹೆಂಗ್ರಿ ಸಾರ್?"

"ಅವನ ಅಣ್ಣತಮ್ಮಂದಿರು ಇದ್ದಾರೆಯೆ?"

"ಅದಾರ್ರಿ. ಮೂರು ಮಂದಿ. ಕೊಡಂಗಿಲ್ಲ ಅಂತಾರ."

ಅವರು ಕೊಟ್ಟರೂ ರಾಂಡಾಲ್ಫ್ ಜೆಫರ್‌ಸನ್ನನ ತೊಡಕೇ ಇಲ್ಲಿಯೂ ಎದುರಾಗುತ್ತದೆಂದು ವಿವರಿಸಿದೆವು. ಒಂದೇ ಮೂಲಪುರುಷನ ಗಂಡು ಸಂತತಿಯು ಬೀಡುಬಿಟ್ಟ ಊರಿನಲ್ಲಿ 'ವೈ' ವರ್ಣತಂತುವು ಮನೆತನವನ್ನು ತೋರಿಸೀತು, ಮನುಷ್ಯನನ್ನು ತೋರಿಸಲಾರದು. ಮೃತನ ತಾಯಿತಂದೆ ಬದುಕಿದ್ದರೆ, ಇಲ್ಲವೆ ಅವನ ಮದುವೆಯ ಮಕ್ಕಳೂ ಅವರ ತಾಯಿಯೂ ಒಪ್ಪಿದರೆ, ಉಳಿದ ವರ್ಣತಂತುಗಳಿಂದ ಬಹುಮಟ್ಟಿಗೆ ಹೇಳಬಹುದು. ಒಪ್ಪದಿದ್ದರೆ ನ್ಯಾಯಾಲಯವುಂಟು, ಆದರೆ ಇಂಥ ಪರೀಕ್ಷೆಗೆ ಸುಮ್ಮಸುಮ್ಮನೆ ಆಜ್ಞೆ ಮಾಡತಕ್ಕದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿಯೇ ಹೇಳಿದೆ. ಹುಡುಗನು ಮೃತನ ತಾಯಿಯ ಮಾತು ಬಂದಾಗ ಒಂದು ಕ್ಷಣ ಯೋಚಿಸಿದನು. "ಮುದುಕಿ ಅದಾಳ್ರಿ" ಎಂದನು.

ಮ್ಯಾಡಿಸನ್ ಹೆಮಿಂಗ್ಸನ ಕಥೆಯ ಕೊನೆಯನ್ನೂ ಅವನಿಗೆ ಹೇಳಿದೆವು. ತಮ್ಮನಾದ ಈಸ್ಟನ್ನನು 1852ರಲ್ಲಿ ವಿಸ್ಕಾನ್ಸಿನ್‌ಗೆ ಹೋಗಿ ಜೆಫರ್‌ಸನ್ ಎಂಬ ಹೆಸರಿಟ್ಟುಕೊಂಡು ಬಿಳಿಯರಲ್ಲಿ ಬೆರೆತನು. ಅವನ ಮುಂದಿನ ತಲೆಮಾರುಗಳಲ್ಲಿ ತಮ್ಮ ಮೂಲವೇ ತಿಳಿಯದವರಿದ್ದರು. ಮ್ಯಾಡಿಸನ್ನನು ಕರಿಯನಾಗಿಯೇ ಬಾಳಿದನು. ಅವನ ಗಂಡು ಸಂತತಿ ಮುಂದುವರಿಯಲಿಲ್ಲವಾದ್ದರಿಂದ, ಕಾನ್ಸಾಸ್‌ನಲ್ಲಿರುವ ಅವನ ಮಗ ವಿಲಿಯಮ್ಮನ ಗೋರಿಯನ್ನು ಅಗೆದು ಪರೀಕ್ಷಿಸಬಹುದೆಂದು ಕೆಲವರು ಸೂಚಿಸಿದರು. ಕುಟುಂಬದವರು ಒಪ್ಪಲಿಲ್ಲ. ತಮ್ಮ ಹಿರಿಯರು ಹೇಳಿದ್ದೇ ತಮಗೆ ಸಾಕೆಂದರು.

ಇದನ್ನು ಕೇಳಿ ಹುಡುಗನು ನಕ್ಕನು. ಆಮೇಲೆ 2025ರ ಮಸೂದೆಯ ಪ್ರತಿಯೊಂದನ್ನು ಕೇಳಿ ತೆಗೆದುಕೊಂಡು ಹೋದನು. ಇನ್ನೂ ಹಿಂದಿರುಗಿಸಿಲ್ಲ.